ಜೇಬುಗಳ ಪರದೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಪರದೆ ತೂಗುಬಿದ್ದಿದೆ. ಮರೆಗೆಂದು ಕಟ್ಟಿದ್ದಲ್ಲ. ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ಜೇಬುಗಳನ್ನೇ ಹೊಲಿದ ಬಟ್ಟೆ ಅದು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳಿಂದ ಮಾಡಿದ್ದರಿಂದ ಒಂದೊಂದು ಜೇಬಿಗೆ ಒಂದೊಂದು ಬಣ್ಣ. ಈಗ ಅದರಲ್ಲಿ ಸೌಟು, ಲಟ್ಟಣಿಗೆ, ಜೀರಿಗೆಯ ಪೊಟ್ಟಣ, ಬೆಂಕಿಪೆಟ್ಟಿಗೆ ಮತ್ತು ಅಮ್ಮನ ಕನ್ನಡಕ ಇವೆ. ಬನಿಯನ್ ಬಟ್ಟೆ ಎಳೆದರೆ ಹಿಗ್ಗುತ್ತದೆ. ಬಿಟ್ಟ ಮೇಲೆ ಕುಗ್ಗುವುದೋ ಬಿಡುವುದೋ ಅದರ ಮರ್ಜಿ. ಹಾಗಾಗಿ ಕೆಳಸಾಲಿನ ಜೇಬುಗಳೆಲ್ಲ ಮದುವೆ ಊಟ ಮುಗಿಸಿ ಎದ್ದವರ ಹೊಟ್ಟೆಯಂತೆ ಜೋತಿವೆ.

ಮನೆಗೆ ಬಂದ ನೆಂಟರು ಇದೇನೆಂದು ಕೇಳುತ್ತಾರೆ. ಅಮ್ಮ ಒಲೆಯ ಕಡೆಯಿಂದ ತಿರುಗದೆಯೇ ಹೇಳುತ್ತಾಳೆ: "ಅದಾ? ಅದು ನಮ್ ರೇವತಿ ಕಾಲೇಜಲ್ಲಿ ಗೆದ್ಕೊಂಡು ಬಂದದ್ದು."

ರೇವತಿ ಎಂದರೆ ನಾನು. ಶಾಲೆಯಲ್ಲಿ ನಿಂಬೆಹಣ್ಣು-ಚಮಚದ ಓಟದಲ್ಲಿ ಕೂಡ ಏನನ್ನೂ ಗೆದ್ದವಳಲ್ಲ. ಹಾಗಾಗಿ ಅಮ್ಮನ ಮಾತನ್ನು ನಾನು ತಿದ್ದುವುದಿಲ್ಲ. ಆ ಪರದೆಯನ್ನು ಹೊಲಿದವಳೇ ಅಮ್ಮ, ಕಾಲೇಜಿಗೆ ಒಯ್ದವಳೇ ನಾನು ಎಂಬುದನ್ನು ನೆಂಟರಿಗೆ ಹೇಳಿದರೆ ಗೆದ್ದದ್ದು ಏನು ಎಂದು ಮತ್ತೆ ಕೇಳುತ್ತಾರೆ. ನಿಮಗಾದರೆ ಹೇಳಬಹುದು. ವಿಷಯ ತರಗತಿಯಲ್ಲಿ ಮೊಬೈಲ್ ಬಳಸಿದ್ದಕ್ಕೆ ಸಂಬಂಧಪಟ್ಟದ್ದು. ಆದರೆ ಮಗ್ಗದಿಂದ ಶುರುಮಾಡದೆ ನನಗೆ ಯಾವುದನ್ನೂ ಹೇಳಲು ಬರುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ತಮಿಳು ನಾಡಿನ ಸಿಂಗಾನಲ್ಲೂರು ಕೆರೆಯ ಆಚೆಗಿನ ನಮ್ಮ ಬೀದಿಯಲ್ಲಿ ಹೆಚ್ಚಿನವು ಕನ್ನಡ ಮಾತನಾಡುವ ನೇಯ್ಗೆಯವರ ಮನೆಗಳು. ಯಾವ ಕಾಲದಲ್ಲಿ ಬಂದರು, ಯಾಕೆ ಬಂದರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಹೊಸ್ತಿಲ ಹೊರಗೆ ತಮಿಳು, ಹೊಸ್ತಿಲ ಒಳಗೆ ಕನ್ನಡ. ಆದರೆ ನಿಜ ಹೇಳಬೇಕೆಂದರೆ ಹೊಸ್ತಿಲ ಒಳಗೆ ಹಗಲಿಡೀ ಮಾತನಾಡುವುದು ಪವರ್‌ಲೂಮ್ ಒಂದೇ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಅಪ್ಪನ ಮಗ್ಗಗಳು ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಆದ್ದರಿಂದ ನಮ್ಮ ಮನೆಯ ಮೊದಲ ಭಾಷೆ ಕನ್ನಡವೂ ಅಲ್ಲ, ತಮಿಳೂ ಅಲ್ಲ, ಕೈಸನ್ನೆ. ಹೆಬ್ಬೆರಳು ಬಾಯಿಗೆ ತಂದರೆ ಕಾಫಿ. ಹೊಟ್ಟೆಯ ಮೇಲೆ ಕೈಯಿಟ್ಟರೆ ಊಟಕ್ಕೆ ಬಾ. ಇಲ್ಲದ ಮೀಸೆಯನ್ನು ತಿರುವಿದರೆ ನೂಲು ಕೊಡುವ ಯಜಮಾನರು ಬಂದಿದ್ದಾರೆ, ಅಂಗಿ ಹಾಕಿಕೋ ಎಂದರ್ಥ.

ಇವೆಲ್ಲಕ್ಕಿಂತ ಮುಖ್ಯವಾದ ಸನ್ನೆ ಒಂದಿತ್ತು. ಅಂಗೈ ತೆರೆದು ತಲೆಯ ಮೇಲೆ ಎತ್ತುವುದು. ಹಾಗೆಂದರೆ ನಿಲ್ಲಿಸು, ಎಳೆ ಕಡಿದಿದೆ. ಅಡ್ಡ ಓಡುವ ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ. ಉದ್ದಕ್ಕೆ ಹಾಸಿದ ನೂಲಿನಲ್ಲಿ ಒಂದೆಳೆ ಕಡಿದರೆ ನಮ್ಮ ಹಳೆಯ ಮಗ್ಗಗಳಿಗೆ ಗೊತ್ತೇ ಆಗುವುದಿಲ್ಲ. ಅವು ಖುಷಿಯಾಗಿ ಓಡುತ್ತಲೇ ಇರುತ್ತವೆ, ಬಟ್ಟೆಯ ಉದ್ದಕ್ಕೂ ಒಂದು ಗೀರು ಬೀಳುತ್ತಲೇ ಹೋಗುತ್ತದೆ. ಕಂಡವರು ಕೈ ಎತ್ತಬೇಕು. ಅಪ್ಪನಾಗಲಿ, ನೀರು ಕೊಡಲು ಬಂದ ಮಗುವಾಗಲಿ, ಯಾರು ಎತ್ತಿದರೂ ಮಗ್ಗ ನಿಲ್ಲಬೇಕು.

ಈ ಜ್ಞಾನವನ್ನು ತಲೆಯಲ್ಲಿಟ್ಟುಕೊಂಡು ನಾನು ಶಾಲೆಗೆ ಹೋದೆ. ಉತ್ತರ ಗೊತ್ತಿದ್ದವರು ಕೈ ಎತ್ತಿ ಎಂದು ಟೀಚರ್ ಹೇಳುತ್ತಿದ್ದರು. ನನಗೆ ಆ ಮಾತೇ ವಿಚಿತ್ರವಾಗಿ ಕೇಳಿಸುತ್ತಿತ್ತು. ಗೊತ್ತಿದ್ದರೆ ಯಾಕೆ ಕೈ ಎತ್ತಬೇಕು, ಎಲ್ಲವೂ ಸರಿಯಾಗಿ ಓಡುತ್ತಿದೆಯಲ್ಲ? ನಮ್ಮ ಬೀದಿಯ ಮಕ್ಕಳೆಲ್ಲ ಒಂದೇ ಬೆಂಚಿನಲ್ಲಿ ಕೈ ಕಟ್ಟಿ ಕೂತಿರುತ್ತಿದ್ದೆವು. ಒಮ್ಮೆ ಮಾತ್ರ ಎತ್ತಿದೆ. ಮೂರನೇ ಕ್ಲಾಸಿನಲ್ಲಿ ಟೀಚರ್ ಬೋರ್ಡಿನ ಮೇಲೆ ಒಂದು ಕೂಡುವ ಲೆಕ್ಕ ಬರೆಯುತ್ತಾ ದಶಕವನ್ನು ಮರೆತು ಮುಂದಕ್ಕೆ ಹೋದರು. ನಾನು ಬೆಂಚಿನಿಂದ ಎದ್ದು ಅಂಗೈ ತೆರೆದು ತಲೆಯ ಮೇಲಕ್ಕೆತ್ತಿದೆ. ಟೀಚರ್ ನೋಡಿದರು, ತಮಿಳಿನಲ್ಲಿ ಅಂದರು: "ಸರಿ ಸರಿ, ಹೋಗಿ ಬಾ. ಕೈ ತೊಳಕೊಂಡು ಬಾ."

ಪಾಠದ ನಡುವೆ ಟೀಚರ್ ಕೇಳದೆ ಕೈ ಎತ್ತುವುದಕ್ಕೆ ಆ ಶಾಲೆಯಲ್ಲಿದ್ದ ಅರ್ಥ ಅದೊಂದೇ. ನಾನು ವಿಧೇಯಳಾಗಿ ಹೊರಗೆ ಹೋಗಿ ನಲ್ಲಿಯ ಪಕ್ಕ ನಿಂತೆ, ಕೈಯನ್ನೂ ತೊಳೆದೆ, ತಿರುಗಿ ಬಂದೆ. ಅಷ್ಟರಲ್ಲಿ ಲೆಕ್ಕವನ್ನು ಅಳಿಸಿಯಾಗಿತ್ತು. ಅದಾದ ಮೇಲೆ ಶಾಲೆಯಲ್ಲಿ, ಕಾಲೇಜಿನಲ್ಲಿ, ಮನೆಯ ಶೆಡ್ಡು ಬಿಟ್ಟರೆ ಎಲ್ಲಿಯೂ ನಾನು ಕೈ ಎತ್ತಲಿಲ್ಲ.

ಎಂ.ಎಸ್ಸಿ.ಗೆ ಮೈಸೂರಿಗೆ ಹೋದಾಗ ಇನ್ನೊಂದು ಪೇಚಾಟ. ಹುಟ್ಟಿದಾಗಿನಿಂದ ಕನ್ನಡ ಮಾತನಾಡಿದವಳಿಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಹಾಸ್ಟೆಲಿನ ಗೆಳತಿ ನನ್ನ ಮಾತು ಕೇಳಿ, "ಇದು ಯಾವ ಸೀಮೆ ಕನ್ನಡ ಮಾರಾಯ್ತಿ, ಹಾಡಿದ ಹಾಗಿದೆ" ಎಂದಳು. ಬಸ್ಸಿನ ಬೋರ್ಡು ಓದಿ ಹೇಳೆಂದು ಅವಳನ್ನು ಕೇಳಲು ನಾಚಿಕೆಯಾಗಿ ಎರಡು ಸಲ ತಪ್ಪು ಬಸ್ಸು ಹತ್ತಿದೆ. ಕೊನೆಗೆ ಮೊಬೈಲಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಒಂದು ಆ್ಯಪ್ ಹಾಕಿಕೊಂಡೆ. ಅದರಲ್ಲೊಂದು ಗಿಳಿ. ತಪ್ಪು ಅಕ್ಷರ ಒತ್ತಿದರೆ ಗಿಳಿ ಕತ್ತು ಓರೆ ಮಾಡುತ್ತಿತ್ತು, ಅಷ್ಟೇ. ನಗುತ್ತಿರಲಿಲ್ಲ, ನಿಟ್ಟುಸಿರು ಬಿಡುತ್ತಿರಲಿಲ್ಲ, ಪಕ್ಕದವರ ಕಡೆ ನೋಡುತ್ತಿರಲಿಲ್ಲ. ಯಾರೂ ಕಾಣದ ಹಾಗೆ ತಪ್ಪು ಮಾಡುವ ಸುಖ ನನಗೆ ಮೊದಲ ಸಲ ಸಿಕ್ಕಿತು. ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆಯಲು ಹೋದವಳು ಗಿಳಿಯ ಹತ್ತಿರ ಒಂದನೇ ಕ್ಲಾಸೂ ಪಾಸಾಗಿ ಬಂದೆ. ಈ ಪ್ರಬಂಧ ಬರೆಯುತ್ತಿರುವುದು ಆ ಗಿಳಿಯ ಕೃಪೆಯಿಂದ.

ಊರಿಗೆ ಮರಳಿದ ಮೇಲೆ ತಿರುಪ್ಪೂರು ರಸ್ತೆಯ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳುವ ತಾತ್ಕಾಲಿಕ ಕೆಲಸ ಸಿಕ್ಕಿತು. ಮಗ್ಗದ ಮನೆಯವಳಿಗೆ ದೊಡ್ಡ ದನಿ ಇರಬೇಕಲ್ಲ ಎಂದು ನೀವು ಅಂದುಕೊಳ್ಳಬಹುದು. ದನಿ ಇರುವುದು ನಮ್ಮ ಚಿಕ್ಕಮ್ಮನಿಗೆ. ಕರೆಂಟು ಹೋಗಿ ಮಗ್ಗ ನಿಂತ ಮೇಲೂ ಅವಳಿಗೆ ಗೊತ್ತಾಗದೆ ಬೀದಿಗೆಲ್ಲ ಕೇಳುವಂತೆ ಮನೆಯ ಗುಟ್ಟು ಹೇಳುತ್ತಿರುತ್ತಾಳೆ. ನಾನು ಮಾತ್ರ ಹೇಗೂ ಕೇಳಿಸುವುದಿಲ್ಲವೆಂದು ಮಾತನ್ನೇ ಬಿಟ್ಟವಳು.

ಕಾಲೇಜಿನಲ್ಲಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಈ ಪರದೆ. ತರಗತಿಗೆ ಬರುವಾಗ ಫೋನುಗಳನ್ನು ಬಾಗಿಲಲ್ಲೇ ಇಡಬೇಕೆಂದು ನಿಯಮ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎಲ್ಲ ಫೋನೂ ಒಂದರ ಮೇಲೊಂದು ಬಿದ್ದು ಗೀಚಿಕೊಳ್ಳುತ್ತಿದ್ದವು, ದಿನವೂ ಜಗಳ. ನಾನು ಅಮ್ಮನಿಗೆ ಹೇಳಿ ಜೇಬುಗಳ ಪರದೆ ಹೊಲಿಸಿದೆ. ಅಮ್ಮ ಅಳತೆಗೆ ತನ್ನದೇ ಗುಂಡಿಯ ಫೋನು ಇಟ್ಟುಕೊಂಡಿದ್ದಳು. ಮಕ್ಕಳ ಫೋನುಗಳು ಅರ್ಧ ಮೇಲೆ ತಲೆ ಹಾಕಿ ಪಾಠ ಕೇಳುವಂತೆ ನಿಲ್ಲುತ್ತಿದ್ದವು. ಪ್ರಿನ್ಸಿಪಾಲ್ ಮೇಡಂ ಬಂದು ನೋಡಿ, "ಎಷ್ಟು ಅಚ್ಚುಕಟ್ಟು" ಎಂದು ಬೆನ್ನು ತಟ್ಟಿದರು. ಆ ವಾರವೆಲ್ಲ ನಾನು ಸ್ವಲ್ಪ ಎತ್ತರ ನಡೆದೆ.

ಪರದೆ ಅಚ್ಚುಕಟ್ಟು, ಪಾಠ ಅಲ್ಲ. ನಾನು ಬೋರ್ಡಿನ ಹತ್ತಿರ ನಿಂತು "ಪುರಿಂಜುದಾ?" ಎಂದು ಕೇಳುತ್ತಿದ್ದೆ, ಅರ್ಥವಾಯಿತಾ ಎಂದು. "ಪುರಿಂಜುದುಂಗ ಮೇಡಂ" ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತಿತ್ತು. ಅರ್ಥವಾಗದವರು ಕೈ ಎತ್ತಿ ಎಂದರೆ ಒಂದು ಕೈಯೂ ಇಲ್ಲ. ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ನೋಡಿದರೆ ಯಾರಿಗೂ ಏನೂ ಅರ್ಥವಾಗಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ತಂಗವೇಲು ಸರ್. ಇನ್ನೇನು ನಿವೃತ್ತಿಯಾಗುವವರು, ಅರ್ಧ ತೋಳಿನ ಬಿಳಿ ಅಂಗಿಯವರು. ಅವರು ನನ್ನನ್ನು ಕರೆದು ಕೂರಿಸಿ ತಮಿಳಿನಲ್ಲಿ ಹೇಳಿದರು:

"ನೋಡಮ್ಮಾ ರೇವತಿ, ನಿನಗೆ ವಿಷಯ ಗೊತ್ತಿಲ್ಲ ಅಂತ ನಾನು ಹೇಳಲ್ಲ. ಆದರೆ ನಿನ್ನ ಪಾಠ ಮೂರನೇ ಬೆಂಚಿನಲ್ಲೇ ಬಸ್ ಇಳಿದುಬಿಡುತ್ತೆ. ಕಡೇ ಸ್ಟಾಪಿನವರು ಏನು ಮಾಡಬೇಕು?"

ನಾನು ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳ ಅಂಚು ಸರಿಮಾಡಿದೆ.

"ಪೊಂಗಲ್ ಕಳೆದ ಮೇಲೆ ನಾನೇ ಬಂದು ಕೂತು ನೋಡ್ತೀನಿ. ಸರಿಹೋಗಿಲ್ಲ ಅಂದ್ರೆ ಮುಂದಿನ ವರ್ಷ ಈ ಪೇಪರ್ ಬೇರೆಯವರಿಗೆ. ಬೇಜಾರು ಮಾಡ್ಕೋಬೇಡ."

ತಾತ್ಕಾಲಿಕ ಕೆಲಸದವರಿಗೆ ಪೇಪರ್ ಹೋದರೆ ಕೆಲಸವೂ ಹೋದಂತೆ. ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ದನಿ ದೊಡ್ಡದು ಮಾಡುವ ಉಪಾಯಗಳನ್ನು ಮೊಬೈಲಿನಲ್ಲಿ ಹುಡುಕಿದೆ. ಬಿಸಿನೀರು ಕುಡಿಯಿರಿ ಎಂದಿತ್ತು. ಹುಡುಕುತ್ತಾ ಬೆರಳು ಆ ಹಳೆಯ ಗಿಳಿಯ ಮೇಲೆ ಬಂದು ನಿಂತಿತು. ಆಗ ಹೊಳೆದದ್ದು ಇಷ್ಟೇ: ಮಕ್ಕಳಿಗೆ ಬೇಕಾಗಿರುವುದು ನನ್ನ ದನಿ ಅಲ್ಲದಿರಬಹುದು, ಅವರಿಗೂ ಒಂದು ಗಿಳಿ ಬೇಕಾಗಿರಬಹುದು.

ತರಗತಿಯಲ್ಲಿ ಪ್ರಶ್ನೆ ಕೇಳುವ ಆ್ಯಪ್‌ಗಳಿವೆ. ಪ್ರಶ್ನೆ ಬೋರ್ಡಿನ ಪಕ್ಕದ ಪ್ರೊಜೆಕ್ಟರ್ ತೆರೆಯ ಮೇಲೆ ಮೂಡುತ್ತದೆ, ಮಕ್ಕಳು ತಮ್ಮ ಫೋನಿನಲ್ಲಿ ಉತ್ತರ ಒತ್ತುತ್ತಾರೆ, ಎಷ್ಟು ಜನ ಯಾವುದನ್ನು ಒತ್ತಿದರೆಂದು ಕಂಬಗಳು ಏಳುತ್ತವೆ. ಯಾರು ಒತ್ತಿದರೆಂದು ಯಾರಿಗೂ ಕಾಣುವುದಿಲ್ಲ. ಅನುಮತಿ ಕೇಳಲು ಹೋದಾಗ ತಂಗವೇಲು ಸರ್ ಕನ್ನಡಕದ ಮೇಲಿನಿಂದ ನೋಡಿದರು.

"ಫೋನಿಗೆ ಜೇಬು ಹೊಲಿಸಿದ್ದು ನೀನೇ ಅಲ್ವಾ?"

"ಹೌದು ಸರ್."

"ಈಗ ತೆಗೆಸಬೇಕು ಅನ್ನೋದೂ ನೀನೇ."

"ನನ್ನ ಪೀರಿಯಡ್ಡಿನಲ್ಲಿ ಮಾತ್ರ ಸರ್."

"ಸರಿ. ಯಾರಾದರೂ ರೀಲ್ಸ್ ನೋಡ್ತಿದ್ದದ್ದು ಕಂಡರೆ ನಿನ್ನ ಫೋನೂ ಆ ಜೇಬಿಗೇ."

ಮೊದಲ ದಿನ ಸರಾಸರಿಯ ಒಂದು ಸುಲಭದ ಪ್ರಶ್ನೆ ಹಾಕಿದೆ. ಎಲ್ಲರಿಗೂ ಸ್ಮಾರ್ಟ್‌ಫೋನ್ ಇರಲಿಲ್ಲ. ಮುತ್ತುಲಕ್ಷ್ಮಿ ಅವಳ ಅಣ್ಣನದನ್ನು ಬೇಡಿ ತಂದಿದ್ದಳು, ಪಕ್ಕದ ಸಂಗೀತಾಳಿಗೆ ಅದೂ ಇಲ್ಲ. ಇಬ್ಬರಿಗೆ ಒಂದು ಫೋನ್ ಎಂದು ಕೂರಿಸಿದೆ.

"ಎರಡನೇದು ಒತ್ತುಡೀ," ಎಂದಳು ಸಂಗೀತಾ.

"ಯಾಕೆ ಎರಡನೇದು? ಹೇಳು, ಆಮೇಲೆ ಒತ್ತುತ್ತೀನಿ."

"ಫೋನ್ ನಿಂದು ಅಂತ ಕೊಬ್ಬಾ?"

"ನಂದಲ್ಲ, ಅಣ್ಣಂದು. ಅದಕ್ಕೇ ಸುಮ್ಸುಮ್ನೆ ಒತ್ತಲ್ಲ."

ಎರಡನೆಯದು ಯಾಕೆ ಎಂದು ಸಂಗೀತಾ ವಿವರಿಸತೊಡಗಿದಳು. ಅರ್ಧ ವಿವರಿಸುವಷ್ಟರಲ್ಲಿ ಅದು ಮೂರನೆಯದೆಂದು ಅವಳಿಗೇ ಗೊತ್ತಾಯಿತು. ನನ್ನ ತರಗತಿಯಲ್ಲಿ ಇಬ್ಬರು ಸಂಖ್ಯಾಶಾಸ್ತ್ರಕ್ಕಾಗಿ ಜಗಳವಾಡಿದ್ದನ್ನು ಕಂಡದ್ದು ಅದೇ ಮೊದಲು. ಮುಂದೆ ಫೋನ್ ಇದ್ದವರನ್ನೂ ಬೇಕೆಂದೇ ಜೋಡಿಯಾಗಿ ಕೂರಿಸಿದೆ. ಕಂಬಗಳು ಎದ್ದಾಗ ತಪ್ಪು ಉತ್ತರದ ಕಂಬವೇ ಎಲ್ಲಕ್ಕಿಂತ ಎತ್ತರ. ತರಗತಿ ನಕ್ಕಿತು. "ಅಪ್ಪಾಡಾ, ನಾನೊಬ್ಬಳೇ ಅಂದ್ಕೊಂಡಿದ್ದೆ," ಎಂದು ಯಾರೋ ಹಿಂದಿನಿಂದ ಅಂದರು.

ಆ ಆ್ಯಪ್‌ನಲ್ಲಿ ಇನ್ನೊಂದು ಸೌಲಭ್ಯವಿತ್ತು. ಪಾಠ ನಡೆಯುತ್ತಿರುವಾಗಲೇ ಒತ್ತಬಹುದಾದ ಒಂದು ಹಳದಿ ಗುಂಡಿ. ಒತ್ತಿದರೆ ತೆರೆಯ ಮೇಲೆ ಒಂದು ಹಳದಿ ಚುಕ್ಕೆ ಹೊತ್ತಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಅದರ ಮೇಲೆ ಏನು ಬರೆಯಬೇಕೆಂದು ನಾವೇ ತೀರ್ಮಾನಿಸಬಹುದು. 'ಅರ್ಥವಾಗಲಿಲ್ಲ' ಎಂದು ತಮಿಳಿನಲ್ಲಿ ಬರೆದೆ. ಒಂದು ವಾರ ಯಾರೂ ಮುಟ್ಟಲಿಲ್ಲ. ಹೆಸರು ಕಾಣದಿದ್ದರೂ ಆ ಮಾತನ್ನು ಒತ್ತಲು ಬೆರಳು ಹಿಂಜರಿಯುತ್ತದೆ. ನನಗೂ ಹಿಂಜರಿಯುತ್ತಿತ್ತು.

ಒಂದು ಭಾನುವಾರ ಶೆಡ್ಡಿನಲ್ಲಿ ಅಪ್ಪನಿಗೆ ಕಾಫಿ ಕೊಡಲು ಹೋದವಳು ಎಳೆ ಕಡಿದದ್ದು ಕಂಡು ಕೈ ಎತ್ತಿದೆ. ಅಪ್ಪ ಮಗ್ಗ ನಿಲ್ಲಿಸಿ, ಬಗ್ಗಿ, ಗಂಟು ಹಾಕಿ, ಮತ್ತೆ ಓಡಿಸಿದ. ಅಷ್ಟೇ. ಎಷ್ಟೋ ವರ್ಷಗಳಿಂದ ನಡೆದುಬಂದದ್ದೇ. ಆದರೆ ಕಾಫಿ ಲೋಟ ಹಿಡಿದು ನಿಂತಾಗ ಅನ್ನಿಸಿತು: ಈ ಮನೆಯಲ್ಲಿ ಕೈ ಎತ್ತಿದ್ದಕ್ಕೆ ಯಾರೂ ಯಾವತ್ತೂ ಬೈಸಿಕೊಂಡಿಲ್ಲ. ಕಂಡೂ ಎತ್ತದೆ ಇದ್ದದ್ದಕ್ಕೆ ಬೈಸಿಕೊಂಡಿದ್ದೇವೆ.

ಸೋಮವಾರ ಹಳದಿ ಗುಂಡಿಯ ಮೇಲಿನ ಮಾತನ್ನು ಬದಲಾಯಿಸಿದೆ. 'ನೂಲು ಕಡಿದಿದೆ.' ಮಕ್ಕಳು ಫೋನು ನೋಡಿ ತಲೆ ಎತ್ತಿದರು. ನನ್ನ ಮನೆಯ ವಿಷಯ ತರಗತಿಯಲ್ಲಿ ಹೇಳುವುದು ನನಗೆ ಒಗ್ಗದ ಕೆಲಸ. ಆದರೂ ಮಗ್ಗದ ಸನ್ನೆಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಅರ್ಧ ತರಗತಿ ಮಗ್ಗದ ಮನೆಗಳಿಂದ, ಬನಿಯನ್ ಕಂಪನಿಯ ಮನೆಗಳಿಂದ ಬಂದದ್ದು. ವೆಳ್ಳಕೋಯಿಲ್ ಕಡೆಯ ಹುಡುಗಿಯೊಬ್ಬಳು, "ನಮ್ಮನೇಲೂ ಹಂಗೇ ಮೇಡಂ. ನೋಡೀ ನಿಲ್ಲಿಸಲಿಲ್ಲ ಅಂದ್ರೆ ತಾತ ಅಟ್ಟಿಸ್ಕೊಂಡು ಬರ್ತಾರೆ," ಎಂದಳು. ನಾನು ಪಾಠ ಶುರುಮಾಡಿದೆ. ಬೋರ್ಡಿನ ಅರ್ಧಕ್ಕೆ ಬರುವಷ್ಟರಲ್ಲಿ ತೆರೆಯ ಮೂಲೆಯಲ್ಲಿ ಹಳದಿ ಚುಕ್ಕೆಗಳು ಹೊತ್ತಿಕೊಂಡವು. ನನ್ನ ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ತಡೆದು ನಿಲ್ಲಿಸಿರಲಿಲ್ಲ. ನಿಂತೆ, ಹಿಂದಕ್ಕೆ ಹೋದೆ, ಗಂಟು ಹಾಕಿದೆ, ಮುಂದಕ್ಕೆ ಹೋದೆ. ಚುಕ್ಕೆಗಳು ಒಂದೊಂದಾಗಿ ಆರಿದವು. ತಮಾಷೆಯೆಂದರೆ ಆಮೇಲಾಮೇಲೆ ಕಡೇ ಬೆಂಚಿನವರು ನನ್ನ ಸಣ್ಣ ದನಿಯನ್ನೂ ಕೇಳಿಸಿಕೊಳ್ಳತೊಡಗಿದರು. ಎಲ್ಲಿ ಕಡಿಯುತ್ತದೆಂದು ಕಾಯುವವರು ಕಿವಿ ತೆರೆದೇ ಇರುತ್ತಾರಲ್ಲ.

ಪೊಂಗಲ್ ಕಳೆಯಿತು. ತಂಗವೇಲು ಸರ್ ಹೇಳಿದಂತೆ ಬಂದು ಕಡೇ ಬೆಂಚಿನಲ್ಲಿ ಗೋಡೆಗೊರಗಿ ಕೂತರು. ಅವತ್ತಿನ ಪಾಠ ನನ್ನ ಗ್ರಹಚಾರಕ್ಕೆ ಎಲ್ಲಕ್ಕಿಂತ ಕಷ್ಟದ್ದು. ಒಂದು ಮಾದರಿಯಲ್ಲಿರುವ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಲೆಕ್ಕ ಹಾಕುವಾಗ, ಇರುವ ಸಂಖ್ಯೆಯಿಂದ ಭಾಗಿಸದೆ ಒಂದು ಕಡಿಮೆ ಮಾಡಿ ಭಾಗಿಸುತ್ತೇವೆ. ಆ ಒಂದನ್ನು ಯಾಕೆ ಕಳೆಯಬೇಕು? ಹೆಚ್ಚಿನವರು ಸೂತ್ರ ಹಾಗಿದೆ ಎಂದು ಹೇಳಿ ಮುಂದೆ ಹೋಗುತ್ತಾರೆ. ನಾನು ಪುಸ್ತಕದ ವಿವರಣೆ ಕೊಟ್ಟೆ. ಚುಕ್ಕೆಗಳು ಹೊತ್ತಿಕೊಂಡವು. ಇನ್ನೊಂದು ರೀತಿಯಲ್ಲಿ ಹೇಳಿದೆ. ಕೆಲವು ಆರಿದವು, ಕೆಲವು ಹಾಗೇ ಉಳಿದವು. ಹಿಂದೆ ಕೂತ ಬಿಳಿ ಅಂಗಿಯ ಕಡೆ ನೋಡದೆ ಚಾಕ್ ಕೆಳಗಿಟ್ಟೆ.

"ನಾಲ್ಕು ಜನ ಪರೋಟಾ ತಿನ್ನಲು ಹೋಗಿದ್ದೀರಿ," ಎಂದೆ. "ಸರಾಸರಿ ಒಬ್ಬೊಬ್ಬರು ಮೂರು ತಿಂದಿದ್ದೀರಿ ಅಂತ ಮೊದಲೇ ಗೊತ್ತು. ಒಟ್ಟು ಎಷ್ಟು?"

"ಹನ್ನೆರಡು."

"ಮೊದಲ ಮೂವರು ಒಬ್ಬೊಬ್ಬರು ಎಷ್ಟು ತಿಂದರು? ನೀವೇ ಹೇಳಿ."

"ಐದು," ಎಂದರು ಯಾರೋ. "ಎರಡು" ಎಂದಳು ಸಂಗೀತಾ, "ನಾನು ಡಯಟ್ಟು." ಮುತ್ತುಲಕ್ಷ್ಮಿ ನಾಲ್ಕು ಎಂದಳು.

"ನಾಲ್ಕನೆಯವರು?"

"ಒಂದೇ ಮೇಡಂ. ಪಾವಂ, ಅವರಿಗೆ ಬೇರೆ ದಾರಿಯೇ ಇಲ್ಲ," ಎಂದಳು ಮುತ್ತುಲಕ್ಷ್ಮಿ.

"ಇಷ್ಟ ಬಂದಷ್ಟು ತಿಂದವರು ಎಷ್ಟು ಜನ?"

"ಮೂರು."

"ಅದಕ್ಕೇ ನಾಲ್ಕರಿಂದ ಅಲ್ಲ, ಮೂರರಿಂದ ಭಾಗಿಸುವುದು."

ಚುಕ್ಕೆಗಳು ಆರಿದವು. ಒಂದು ಮಾತ್ರ ಉಳಿಯಿತು. ನಾನು ಕಾದೆ. ಆ ಒಂದು ಚುಕ್ಕೆಗಾಗಿ ಪರೋಟಾದ ಲೆಕ್ಕವನ್ನು ಬೋರ್ಡಿನ ಮೇಲೆ ನಿಧಾನವಾಗಿ ಮತ್ತೊಮ್ಮೆ ಬರೆದೆ. ಅದೂ ಆರಿತು. ಗಂಟೆ ಹೊಡೆಯಿತು. ಮಕ್ಕಳು ಹೋದರು. ತಂಗವೇಲು ಸರ್ ಬೆಂಚುಗಳ ನಡುವೆ ನಿಧಾನವಾಗಿ ನಡೆದು ಮೇಜಿನ ಹತ್ತಿರ ಬಂದು, ಕೈಯಲ್ಲಿದ್ದ ತಮ್ಮ ಫೋನನ್ನು ನನ್ನ ಕಡೆ ಚಾಚಿದರು. ಅದರ ಮೇಲೆ ನಮ್ಮ ಹಳದಿ ಗುಂಡಿ ಇತ್ತು.

"ಇದರಿಂದ ಹೊರಗೆ ಬರೋದು ಹೇಗಮ್ಮಾ?" ಎಂದರು.

ನಾನು ತೋರಿಸಿಕೊಟ್ಟೆ. ಅವರು ಫೋನನ್ನು ಜೇಬಿಗಿಟ್ಟುಕೊಂಡರು. "ನಾನು ಓದೋವಾಗ ಕೇಳಿದ್ದೆ ಆ ಒಂದನ್ನು ಯಾಕೆ ಕಳೀಬೇಕು ಅಂತ. ಕೂತ್ಕೋ ಅಂದರು. ಆಮೇಲೆ ನಾನೂ ಎಷ್ಟೋ ಮಕ್ಕಳನ್ನ ಕೂರಿಸಿದೆ." ಬಾಗಿಲವರೆಗೆ ಹೋಗಿ ಜೇಬುಗಳ ಪರದೆಯನ್ನು ಮುಟ್ಟಿ ನೋಡಿ ತಿರುಗಿದರು. "ಪೇಪರ್ ನಿನ್ನ ಹತ್ರಾನೇ ಇರಲಿ."

ಗೆದ್ದದ್ದು ಇದೇ ಎಂದು ನೀವು ಅಂದುಕೊಂಡರೆ ಅರ್ಧ ಸರಿ. ವರ್ಷದ ಕೊನೆಯಲ್ಲಿ ಅಧ್ಯಾಪಕರ ಸಭೆ ನಡೆಯಿತು. ಪ್ರಿನ್ಸಿಪಾಲ್ ಮೇಡಂ ನನ್ನ ಪರದೆಯನ್ನು ಹೊಗಳಿ, ಮುಂದಿನ ವರ್ಷದಿಂದ ಪ್ರತಿ ತರಗತಿಯಲ್ಲಿ ಅಂಥದೇ ಇರಬೇಕು, ಯಾವ ಪೀರಿಯಡ್ಡಿನಲ್ಲೂ ಫೋನ್ ಹೊರಗೆ ಬರಕೂಡದು ಎಂದರು. ಎಲ್ಲರೂ ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು. ನನ್ನ ಪರದೆಯೇ ನನ್ನ ಪಾಠದ ಮೇಲೆ ಬೀಳುತ್ತಿತ್ತು. "ಯಾರಿಗೂ ಆಕ್ಷೇಪ ಇಲ್ಲವಲ್ಲ?" ಎಂದು ಮೇಡಂ ಕೇಳಿದರು, ಉತ್ತರ ಬರುವುದಿಲ್ಲವೆಂಬ ಧೈರ್ಯದಿಂದ ಮುಂದಿನ ವಿಷಯಕ್ಕೆ ಹೋದರು.

ನನ್ನ ಕೈ ಮೇಲೆದ್ದಿತು. ಅಂಗೈ ತೆರೆದುಕೊಂಡು, ತಲೆಯ ಮೇಲಕ್ಕೆ.

ಮೇಡಂ ನೋಡಿದರು, ಗಡಿಯಾರ ನೋಡಿದರು. ಪ್ರೀತಿಯಿಂದಲೇ ಅಂದರು: "ಬಸ್ಸಿಗೆ ಹೊತ್ತಾಯ್ತಾ ರೇವತಿ? ಸರಿ, ನೀವು ಹೊರಡಿ."

ಮೂರನೇ ಕ್ಲಾಸಿನ ನಲ್ಲಿ ನನ್ನ ಕಣ್ಣ ಮುಂದೆ ಬಂತು. ನಾನು ಕೈ ಇಳಿಸಲಿಲ್ಲ.

"ಬಸ್ಸಿಗೆ ಇನ್ನೂ ಹೊತ್ತಿದೆ ಮೇಡಂ. ನನಗೆ ಆಕ್ಷೇಪ ಇದೆ."

ಏನು ಹೇಳಿದೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನೀವು ಆಗಲೇ ಓದಿದ್ದೀರಿ. ನಾನು ಕೂತ ಮೇಲೆ ತಂಗವೇಲು ಸರ್ ಎದ್ದು, "ಮೇಡಂ, ಆ ಕ್ಲಾಸಿನಲ್ಲಿ ನಾನೂ ಇದ್ದೆ, ನನ್ನ ಫೋನೂ ಇತ್ತು. ಇಬ್ಬರೂ ಏನೋ ಕಲಿತ್ವಿ," ಎಂದರು. ಸಭೆ ನಕ್ಕಿತು. ಪಾಠಕ್ಕೆ ಬೇಕೆನ್ನುವ ಅಧ್ಯಾಪಕರು ಫೋನ್ ತೆಗೆಸಬಹುದು ಎಂದು ತೀರ್ಮಾನವಾಯಿತು. "ಹಾಗಾದರೆ ನಿಮ್ಮ ಪರದೆ ನೀವೇ ತಗೊಂಡ್ಹೋಗಿ," ಎಂದರು ಮೇಡಂ. ಅವರೂ ನಗುತ್ತಿದ್ದರು.

ಪರದೆಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮನೆ ತಲುಪಿದಾಗ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು. ಅಪ್ಪ ಒಂದರ ಮುಂದೆ, ಅಮ್ಮ ಆಚೆ ಮೂಲೆಯಲ್ಲಿ ನೂಲು ಸುತ್ತುತ್ತಾ ಇನ್ನೊಂದರ ಹತ್ತಿರ. ಇಬ್ಬರೂ ನನ್ನನ್ನು ಕಂಡು ತಲೆಯಾಡಿಸಿದರು. ಎಂದಿನಂತೆ ಹೆಬ್ಬೆರಳನ್ನು ಬಾಯಿಗೆ ತಂದು ಕಾಫಿ ಆಯಿತಾ ಎಂದು ಕೇಳಿ ನಾನು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಅಲ್ಲಿಯೇ ನಿಂತು ಕೈ ಎತ್ತಿದೆ.

ಅಪ್ಪ ತಕ್ಷಣ ತನ್ನ ಮಗ್ಗ ನಿಲ್ಲಿಸಿದ. ಅಮ್ಮ ಎದ್ದು ಉಳಿದವನ್ನು ನಿಲ್ಲಿಸಿದಳು. ಶೆಡ್ಡು ಒಮ್ಮೆಲೇ ಸುಮ್ಮನಾಯಿತು. ಅಪ್ಪ ಹಾಸಿದ ನೂಲಿನ ಮೇಲೆ ಬಗ್ಗಿ ಬೆರಳಾಡಿಸುತ್ತಾ ಹುಡುಕತೊಡಗಿದ.

"ಎಲ್ಲಿ ಮಗಾ, ಎಲ್ಲಿ ಕಡ್ದದೆ? ನಂಗೇನೂ ಕಾಣ್ಸಲ್ವೇ."

"ಎಲ್ಲೂ ಕಡ್ದಿಲ್ಲಪ್ಪ," ಎಂದೆ. "ನಾನೊಂದು ವಿಷಯ ಹೇಳ್ಬೇಕು."

ಅಪ್ಪ ಬಗ್ಗಿದಲ್ಲಿಂದಲೇ ತಲೆ ಎತ್ತಿ ಅಮ್ಮನನ್ನು ನೋಡಿದ. ಅಮ್ಮ ನನ್ನ ಕಂಕುಳಲ್ಲಿದ್ದ ಪರದೆಯನ್ನು ನೋಡಿದಳು, ಕೆಲಸ ಹೋಯಿತೆಂದುಕೊಂಡಳೋ ಏನೋ, ಸೆರಗನ್ನು ಕೈಗೆ ತೆಗೆದುಕೊಂಡಳು. ಆಮೇಲೆ ನನ್ನ ಮುಖ ನೋಡಿ ಸೆರಗು ಬಿಟ್ಟಳು. ಅಪ್ಪ ನೂಲಿನ ಪೆಟ್ಟಿಗೆಯೊಂದನ್ನು ಎಳೆದುಕೊಂಡು, ಹತ್ತಿಯ ಧೂಳು ಕೊಡವಿ, ಕೂತ.

"ಹೇಳು," ಎಂದ.

ಹಾಡುಹಗಲಲ್ಲಿ, ಕರೆಂಟು ಇರುವಾಗ, ಮಗ್ಗಗಳೆಲ್ಲ ನಿಂತ ಮನೆಯಲ್ಲಿ, ನಾನು ಮೊದಲಿನಿಂದ ಹೇಳತೊಡಗಿದೆ.